ತಮಟೆ ನಿಲ್ಲುವ ಮನೆ

ಓಲ್ಡ್ ಟೌನ್, ಭದ್ರಾವತಿ
22 ಜನವರಿ 1964

ಚಿ. ಸೌ. ಅಗ್ನೇಸಳಿಗೆ ನಿನ್ನ ಅತ್ತೆ ಮದಲೇನಮ್ಮ ಮಾಡುವ ಆಶೀರ್ವಾದ.

ಹೋದ ವಾರದ ಕೆಮ್ಮು ಇಳಿದಿದೆ. ಹಬ್ಬಕ್ಕೆ ಬರುತ್ತೀಯ ಎಂದು ಸೋಮವಾರ ಬಾಗಿಲಲ್ಲೇ ಕೂತಿದ್ದೆ. ಶಿವಮೊಗ್ಗದ ಬಸ್ಸು ಬಂತು, ಹೋಯಿತು. ಶಾಲೆಯಲ್ಲಿ ರಜೆ ಕೊಡಲಿಲ್ಲವೇನೋ ಎಂದುಕೊಂಡು ಎದ್ದು ಸೀರೆ ಬದಲಾಯಿಸಿ ಚರ್ಚಿಗೆ ಹೋದೆ.

ಮೆರವಣಿಗೆಯಲ್ಲಿ ಹೊರುವ ಸಂತ ಸೆಬಸ್ತಿಯಾನರ ಅಂಬಿಗೆ ಸುತ್ತುವ ಕೆಂಪು ರೇಷ್ಮೆಯನ್ನು ಈ ವರ್ಷವೂ ನಾನೇ ಹೊಲಿದೆ. ಬೇರೆಯವರಿಗೆ ಕೊಡಬೇಕೆಂದಿದ್ದರಂತೆ. ಸಾವಾದ ಮನೆಯವರು ಅಂಬಿನ ಬಟ್ಟೆ ಮುಟ್ಟಬಾರದು ಎಂದು ಚರ್ಚಿನ ಉಪದೇಶಿ ಹೇಳಿದನಂತೆ. ನಾನು ನೇರವಾಗಿ ಫಾದರ್ ಹತ್ತಿರ ಹೋಗಿ, ನಮ್ಮ ಮನೆಯಲ್ಲಿ ಯಾರು ಸತ್ತಿದ್ದಾರೆ ಎಂದು ಕೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಬಟ್ಟೆ ಕೊಟ್ಟರು.

ಸಂಜೆಯ ಪ್ರಾರ್ಥನೆಗೆ ಜನ ತುಂಬಿದ್ದರು. ಫಾದರ್ ಸಂತರ ಕಥೆ ಓದಿದರು. ಸಿಪಾಯಿಯಾಗಿದ್ದ ಸೆಬಸ್ತಿಯಾನರನ್ನು ಮರಕ್ಕೆ ಕಟ್ಟಿ ಬಾಣ ಬಿಟ್ಟರು. ಸತ್ತನೆಂದು ಬಿಟ್ಟು ಹೋದರು. ಹೂಳುವುದಕ್ಕೆ ಬಂದ ಐರೀನಮ್ಮ ಎಂಬ ವಿಧವೆ ಮುಟ್ಟಿ ನೋಡಿದರೆ ಉಸಿರಿತ್ತು. ಮನೆಗೆ ಕರೆದುಕೊಂಡು ಹೋಗಿ ಆರೈಕೆ ಮಾಡಿದಳು. ಅದನ್ನು ಕೇಳುವಾಗ ನನ್ನ ಮೈ ಬಿಸಿಯಾಯಿತು. ನನ್ನ ಮಗನಿಗೆ ಸೆಬಸ್ತಿ ಎಂದು ಆ ಹೆಸರಿಟ್ಟಿದ್ದು ಸುಮ್ಮನೆ ಅಲ್ಲ. ಸೈನ್ಯದವರ ಕಾಗದದಲ್ಲಿ ಮೃತನೆಂದು ಭಾವಿಸಲಾಗಿದೆ ಎಂದಿದೆ. ಬಾಣ ಬಿಟ್ಟವರೂ ಹಾಗೇ ಭಾವಿಸಿದ್ದರು. ಚೀನಾದವರು ಹಿಡಿದವರನ್ನೆಲ್ಲ ಬಿಟ್ಟಾಯಿತು, ಅದರಲ್ಲಿ ಇವನಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ಆ ಹಿಮದ ಬೆಟ್ಟದಲ್ಲಿ ಯಾವ ಐರೀನಮ್ಮನ ಗುಡಿಸಲಲ್ಲಿ ಮಲಗಿದ್ದಾನೋ ಯಾರಿಗೆ ಗೊತ್ತು? ಇಲ್ಲಿ ಚಳಿ ಬಹಳ ಅಮ್ಮ ಎಂದು ಬರೆದಿದ್ದನಲ್ಲ, ನಾನು ಹೆಣೆದು ಕಳಿಸಿದ ಸ್ವೆಟರಿನ ಪಾರ್ಸಲ್ ವಾಪಸು ಬಂದಿಲ್ಲ. ಅಂದರೆ ಕೈಗೆ ಸೇರಿದೆ.

ಪ್ರಾರ್ಥನೆ ಮುಗಿದ ಮೇಲೆ ಅಂಬಿನ ಮೆರವಣಿಗೆ ಹೊರಟಿತು. ನಿಮ್ಮ ಚರ್ಚಿನಲ್ಲಿ ಅದು ಇಲ್ಲ, ನೀನು ಮದುವೆಯಾಗಿ ಬಂದ ಮೇಲೆ ಒಂದೇ ಸಲ ನೋಡಿದ್ದು. ಅಂಬು ಒಂದೊಂದು ಮನೆಯ ಮುಂದೆ ನಿಲ್ಲುತ್ತದೆ, ಮನೆಯವರು ಮುತ್ತಿಡುತ್ತಾರೆ, ಹುಲಿಯಪ್ಪ ಬಿಡುವಿಲ್ಲದೆ ತಮಟೆ ಬಾರಿಸುತ್ತಿರುತ್ತಾನೆ. ಸಾವಾದ ಮನೆಯ ಮುಂದೆ ಮಾತ್ರ ತಮಟೆ ನಿಲ್ಲಬೇಕು. ಅಂಬು ಸದ್ದಿಲ್ಲದೆ ಬಂದು ಸದ್ದಿಲ್ಲದೆ ಹೋಗುತ್ತದೆ.

ನಮ್ಮ ಮನೆಯ ಮುಂದೆ ಹುಲಿಯಪ್ಪ ತಮಟೆ ನಿಲ್ಲಿಸಿಬಿಟ್ಟ.

ನಾನು ಮೇಣದಬತ್ತಿ ಹಿಡಿದುಕೊಂಡು ನಿಂತಿದ್ದೆ. ಅಂಬು ಹೊತ್ತವರು ತಲೆ ತಗ್ಗಿಸಿದರು. ಬೀದಿಯಲ್ಲಿ ಯಾರೋ ಕೆಮ್ಮಿದ್ದೂ ಕೇಳಿಸಿತು. "ಯಾಕೋ ನಿಲ್ಲಿಸಿದೆ ಹುಲಿಯಪ್ಪ? ನಿನಗೆ ಯಾರು ಹೇಳಿದ್ದು? ಬಾರಿಸೋ" ಅಂದೆ. ಅವನು ಫಾದರ್ ಮುಖ ನೋಡಿದ. "ಅವರ ಮುಖ ಯಾಕೆ ನೋಡ್ತೀಯ, ನನ್ನ ಮುಖ ನೋಡು" ಅಂದೆ. ಬಾರಿಸಿದ. ಅಳುತ್ತಾ ಬಾರಿಸಿದ. ಚಿಕ್ಕವನಿದ್ದಾಗ ಸೆಬಸ್ತಿ ಅವನ ಹಿಂದೆಯೇ ಸುತ್ತುತ್ತಿದ್ದನಲ್ಲ. ಸಾಕು ಎಂದು ಫಾದರ್ ಹೇಳುವವರೆಗೂ ನಾನು ಅಂಬಿಗೆ ಮುತ್ತಿಡಲಿಲ್ಲ.

ಬೀದಿಯವರು ಈಗ ನನ್ನನ್ನು ಕಂಡರೆ ಮೆಲ್ಲಗೆ ಮಾತಾಡುತ್ತಾರೆ. ಮಾತಾಡಲಿ. ನೀನು ಪಕ್ಕದಲ್ಲಿ ಇದ್ದಿದ್ದರೆ ಚೆನ್ನಾಗಿತ್ತು.

ಪಕ್ಕದ ಮನೆಯ ಸರ್ವರ್ ಬೀ ಶಿವಮೊಗ್ಗಕ್ಕೆ ಮಗಳ ಮನೆಗೆ ಬರುತ್ತಿದ್ದಾಳೆ. ಅವಳ ಕೈಯಲ್ಲಿ ಕಜ್ಜಾಯ ಕಳಿಸಿದ್ದೇನೆ.

ಇಂತಿ ನಿನ್ನ ಅತ್ತೆ,
ಮದಲೇನಮ್ಮ


ದುರ್ಗಿಗುಡಿ, ಶಿವಮೊಗ್ಗ
2 ಫೆಬ್ರವರಿ 1964

ಪೂಜ್ಯ ಅತ್ತೆಯವರಿಗೆ ಅಗ್ನೇಸ ಮಾಡುವ ನಮಸ್ಕಾರಗಳು.

ಕಜ್ಜಾಯ ತಲುಪಿತು. ಹೊಲಿಗೆ ಕ್ಲಾಸಿನ ಹುಡುಗಿಯರಿಗೂ ಕೊಟ್ಟೆ. ನೀವು ಕಲಿಸಿದ ಕಾಜಾ ಹೊಲಿಗೆಯನ್ನು ಈಗ ಅವರಿಗೆ ಕಲಿಸುತ್ತಿದ್ದೇನೆ. ಬೇಗ ಮುಗಿಸಬೇಕೆಂದು ದಾರ ಎಳೆದು ಎಳೆದು ಬಟ್ಟೆ ಸುಕ್ಕು ಮಾಡುತ್ತಾರೆ. ನಾನೂ ಹಾಗೇ ಮಾಡುತ್ತಿದ್ದೆ, ನೀವು ಬಿಚ್ಚಿಸುತ್ತಿದ್ದಿರಿ.

ಶಾಲೆಯಲ್ಲಿ ರಜೆ ಕೊಟ್ಟಿದ್ದರು ಅತ್ತೆ. ಬಸ್ ಸ್ಟ್ಯಾಂಡಿನವರೆಗೂ ಬಂದಿದ್ದೆ. ಭದ್ರಾವತಿ ಬಸ್ಸು ನಿಂತಿತ್ತು, ಜಾಗವೂ ಇತ್ತು. ಹತ್ತಲಾಗಲಿಲ್ಲ. ತಮಟೆ ನಿಲ್ಲುವುದನ್ನು ಕೇಳುವ ಧೈರ್ಯ ನನಗಿರಲಿಲ್ಲ. ಈಗ ನಿಮ್ಮ ಕಾಗದ ಓದಿದ ಮೇಲೆ, ನಿಲ್ಲದೇ ಇರುವುದನ್ನು ಕೇಳುವ ಧೈರ್ಯವೂ ಇರಲಿಲ್ಲವೇನೋ ಅನ್ನಿಸುತ್ತದೆ. ಕೋಪ ಮಾಡಿಕೊಳ್ಳಬೇಡಿ.

ಕೆಮ್ಮಿಗೆ ಶುಂಠಿ ಕಷಾಯ ಬಿಡಬೇಡಿ.

ಇಂತಿ ನಿಮ್ಮ ಸೊಸೆ,
ಅಗ್ನೇಸ


ಓಲ್ಡ್ ಟೌನ್, ಭದ್ರಾವತಿ
12 ಮೇ 1964

ಚಿ. ಸೌ. ಅಗ್ನೇಸಳಿಗೆ ಆಶೀರ್ವಾದ.

ಸರ್ವರ್ ಬೀ ತನ್ನ ಮಗಳು ಜಹಾನಾರಾಳ ಹೆರಿಗೆ ಮುಗಿಸಿಕೊಂಡು ನಿನ್ನೆ ಬಂದಳು. ಗಂಡು ಮಗು. ನೀನು ನೋಡಲು ಹೋಗಿದ್ದೆಯಂತೆ, ಟೊಪ್ಪಿ ಹೊಲಿದು ಕೊಟ್ಟೆಯಂತೆ. ಒಳ್ಳೆಯದು.

ಆಮೇಲೆ ಅವಳೇ ಸಂತೋಷದಿಂದ ಇನ್ನೊಂದು ಮಾತು ಹೇಳಿದಳು. ಭಾನುವಾರ ಚರ್ಚಿನ ಹೊರಗೆ ನಿನ್ನನ್ನು ಕಂಡಳಂತೆ. ಯಾರೋ ಕಾಂಪೌಂಡರ್ ಜೊತೆ ಮಾತಾಡುತ್ತಾ ನಿಂತಿದ್ದೆಯಂತೆ. "ನಿನ್ ಸೊಸೆ ನಕ್ಕಿದ್ದು ನೋಡ್ದೆ ಮಾರಾಯ್ತಿ. ಎಷ್ಟ್ ದಿನ ಆಗಿತ್ತು ಆ ಹುಡುಗಿ ನಕ್ಕು" ಅಂದಳು.

ನನ್ನ ಮುಖ ನೋಡಿ ಅವಳಿಗೆ ಸಿಟ್ಟು ಬಂತು. "ಯಾಕೆ, ನಗಬಾರ್ದಾ? ನಗೋದಕ್ಕೂ ಮಿಲಿಟ್ರಿಯಿಂದ ಕಾಗದ ಬರ್ಬೇಕಾ?" ಎಂದು ಕೇಳಿ ಎದ್ದುಹೋದಳು. ಇವತ್ತು ಬೆಳಗ್ಗೆಯಿಂದ ನಾವಿಬ್ಬರೂ ಮಾತಾಡಿಲ್ಲ.

ನಗಬೇಡ ಎಂದು ನಾನು ಯಾವತ್ತೂ ಹೇಳಿಲ್ಲ. ಆದರೆ ನಿನ್ನ ಕೊರಳಲ್ಲಿರುವುದು ನನ್ನ ಮಗ ಕಟ್ಟಿದ ತಾಳಿ. ಅವನು ನಾಳೆ ಬಂದು ಬಾಗಿಲಲ್ಲಿ ನಿಂತು, ಅಗ್ನೇಸ ಎಲ್ಲಿ ಎಂದು ಕೇಳಿದರೆ ನಾನು ಏನು ಹೇಳಲಿ? ಅದನ್ನಾದರೂ ಬರೆದು ತಿಳಿಸು. ಅಷ್ಟನ್ನೇ ಅವನಿಗೆ ಹೇಳುತ್ತೇನೆ.

ಮದಲೇನಮ್ಮ


ದುರ್ಗಿಗುಡಿ, ಶಿವಮೊಗ್ಗ
7 ಜೂನ್ 1964

ಪೂಜ್ಯ ಅತ್ತೆಯವರಿಗೆ ನಮಸ್ಕಾರಗಳು.

ಉತ್ತರ ಬರೆಯಲು ಬಹಳ ದಿನ ತೆಗೆದುಕೊಂಡೆ. ಮುಚ್ಚಿಟ್ಟು ಬರೆಯುವುದು ನಿಮ್ಮ ಮನೆಯಲ್ಲಿ ನಾನು ಕಲಿಯಲಿಲ್ಲ. ಅದಕ್ಕೆ ಇದ್ದದ್ದು ಇದ್ದಹಾಗೆ ಬರೆಯುತ್ತೇನೆ.

ಅವರ ಹೆಸರು ರಾಯಪ್ಪ. ಇಲ್ಲಿ ಒಬ್ಬ ಡಾಕ್ಟರ ಹತ್ತಿರ ಕಾಂಪೌಂಡರ್. ಹೆಂಡತಿ ತೀರಿಕೊಂಡು ಮೂರು ವರ್ಷವಾಯಿತು. ತಾಯಿ ಇದ್ದಾರೆ. ಅವರು ಬೇರೆ ಏನೂ ಮಾಡಿಲ್ಲ, ಮದುವೆಯಾಗುತ್ತೀಯಾ ಎಂದು ಕೇಳಿದ್ದಾರೆ. ನಾನು ಹೂಂ ಅಂದಿಲ್ಲ, ಇಲ್ಲ ಅಂತಲೂ ಅಂದಿಲ್ಲ. ಸರ್ವರ್ ಬೀ ನೋಡಿದ ದಿನ ಅವರು ಒಂದು ಔಷಧಿ ಸೀಸೆಯ ಕಥೆ ಹೇಳುತ್ತಿದ್ದರು. ನಗು ಬಂದುಬಿಟ್ಟಿತು ಅತ್ತೆ. ನಕ್ಕ ಮೇಲೆ ಹೆದರಿಕೆಯಾಯಿತು.

ಇಲ್ಲಿಯ ಫಾದರನ್ನು ಕೇಳಿದೆ. ದೇಹ ಸಿಕ್ಕದಿರುವಾಗ ಮರುಮದುವೆಗೆ ಬಿಷಪ್ಪರು ಒಪ್ಪಿಗೆ ಕೊಡಬೇಕು, ಹೆತ್ತ ತಾಯಿಯೇ ಇನ್ನೂ ಬದುಕಿದ್ದಾನೆ ಎನ್ನುವಾಗ ನಾನು ಏನೆಂದು ಬರೆಯಲಿ, ಅವರು ಮೊದಲು ಮಗನಿಗೆ ಮರಣದ ಪೂಜೆ ಮಾಡಿಸಲಿ ಅಂದರು. ನಾನು ಆ ಮಾತನ್ನು ನಿಮ್ಮ ಹತ್ತಿರ ತರಬಾರದು ಎಂದುಕೊಂಡಿದ್ದೆ. ನೀವು ಕೇಳಿದ್ದರಿಂದ ಬರೆದೆ. ನೀವು ಬೇಡ ಅಂದರೆ ಬೇಡ. ನಿಮ್ಮನ್ನು ದಾಟಿ ನಾನು ಹೋಗುವುದಿಲ್ಲ.

ಇನ್ನೊಂದು ಮಾತು. ನಿಮ್ಮ ಮಗ ಕೊನೆಯ ರಜೆ ಮುಗಿಸಿ ಹೋಗುವಾಗ ಭದ್ರಾವತಿ ಸ್ಟೇಷನ್ನಿನಲ್ಲಿ ನೀವು ಕೂಜಕ್ಕೆ ನೀರು ತುಂಬಿಸಲು ಹೋದಿರಿ. ಆಗ ಅವರು ನನಗೆ ಹೇಳಿದ್ದರು: "ನಾನು ಬರದೇ ಹೋದ್ರೆ ಅಮ್ಮನ ಜೊತೆ ಇರಬೇಡ ಕಣೇ. ಅಮ್ಮ ಕಾಯೋದ್ರಲ್ಲಿ ಗಟ್ಟಿ. ನಿನ್ನನ್ನೂ ಕಾಯೋ ಕೆಲಸಕ್ಕೆ ಹಚ್ಚಿಬಿಡ್ತಾಳೆ." ನಾನು ಅವರ ಬಾಯಿ ಮುಚ್ಚಿದೆ. ಅವರು ನಗುತ್ತಿದ್ದರು. ನೀವು ಕೂಜ ತಂದಿರಿ. ರೈಲು ಹೊರಟಿತು.

ಅವರು ಬಂದು ಕೇಳಿದರೆ, ಅಗ್ನೇಸ ಶಿವಮೊಗ್ಗದಲ್ಲಿ ಹೊಲಿಗೆ ಕಲಿಸುತ್ತಿದ್ದಾಳೆ, ಕರೆದರೆ ಬರುತ್ತಾಳೆ ಎಂದು ಹೇಳಿ.

ನಿಮ್ಮ ಸೊಸೆ,
ಅಗ್ನೇಸ


ಓಲ್ಡ್ ಟೌನ್, ಭದ್ರಾವತಿ
3 ನವೆಂಬರ್ 1964

ಚಿ. ಸೌ. ಅಗ್ನೇಸಳಿಗೆ.

ನಿನ್ನ ಕಾಗದ ಮಳೆಗಾಲದ ಶುರುವಿನಲ್ಲೇ ಬಂದಿತ್ತು. ಉತ್ತರ ಬರೆಯಲು ಕೂತು ಕೂತು ಎದ್ದೆ. ಅವನು ಹಾಗೆ ಹೇಳಿದ್ದು ನಿಜವೇ ಇರಬೇಕು. ಮಾತು ಅವನದೇ.

ನಿನ್ನೆ ಸತ್ತವರ ಹಬ್ಬ. ಸಮಾಧಿಯ ಹುಲ್ಲು ಕೀಳಲು ಎಲ್ಲರೂ ಬೆಳಗ್ಗೆಯೇ ಬಂದಿದ್ದರು. ನಿನ್ನ ಮಾವನ ಸಮಾಧಿಗೆ ಸುಣ್ಣ ಹೊಡೆಸಿ, ಚೆಂಡುಹೂ ಹಾಕಿ, ಮೇಣದಬತ್ತಿ ಹಚ್ಚಿದೆ. ಚೀಲದಲ್ಲಿ ಇನ್ನೊಂದು ಬತ್ತಿ ಇತ್ತು. ಅಂಗಡಿಯಲ್ಲಿ ಎರಡು ಯಾಕೆ ಕೊಂಡೆನೋ ನನಗೆ ಗೊತ್ತಿಲ್ಲ. ಸುತ್ತಲೂ ನೋಡಿದೆ. ಎಲ್ಲರ ಸತ್ತವರಿಗೂ ಒಂದೊಂದು ಜಾಗ ಇತ್ತು. ಮಣ್ಣು, ಶಿಲುಬೆ, ಕೂರುವುದಕ್ಕೆ ಪಕ್ಕದಲ್ಲಿ ಒಂದು ಕಲ್ಲು. ಸತ್ತ ಮಗುವಿನ ಸಮಾಧಿಯ ಮೇಲೆ ಒಬ್ಬಳು ಗಿಲಕಿ ಇಟ್ಟಿದ್ದಳು. ಅವಳನ್ನು ಕಂಡು ನನಗೆ ಹೊಟ್ಟೆಕಿಚ್ಚಾಯಿತು. ಇದನ್ನು ಯಾರಿಗೂ ಹೇಳಬೇಡ.

ಆ ಬತ್ತಿಯನ್ನು ಮನೆಗೆ ವಾಪಸು ತಂದೆ. ಮಷೀನಿನ ಡ್ರಾದಲ್ಲಿ ಇಟ್ಟಿದ್ದೇನೆ.

ಸರ್ವರ್ ಬೀ ಜೊತೆ ಮಾತು ಸರಿಹೋಗಿದೆ. ಜಹಾನಾರಾಳ ಮಗು ಕೂರುತ್ತದಂತೆ.

ನಿನ್ನ ಅತ್ತೆ,
ಮದಲೇನಮ್ಮ


ದುರ್ಗಿಗುಡಿ, ಶಿವಮೊಗ್ಗ
28 ಡಿಸೆಂಬರ್ 1964

ಪೂಜ್ಯ ಅತ್ತೆಯವರಿಗೆ ಕ್ರಿಸ್ಮಸ್ ಹಬ್ಬದ ನಮಸ್ಕಾರಗಳು.

ಈ ಸಲದ ಹಬ್ಬದ ಪೂಜೆಯಲ್ಲಿ ಒಂದೆರಡು ಪ್ರಾರ್ಥನೆಗಳನ್ನು ಲ್ಯಾಟಿನ್ ಬಿಟ್ಟು ಕನ್ನಡದಲ್ಲಿ ಹೇಳಿದರು. ಮುದುಕಿಯರಿಗೆ ಇಷ್ಟವಾಗಲಿಲ್ಲ. ನನಗೆ ಅಳು ಬಂತು, ಯಾಕೆಂದು ತಿಳಿಯಲಿಲ್ಲ.

ರಾಯಪ್ಪನವರಿಗೆ ಇಲ್ಲ ಎಂದು ಹೇಳಿದೆ. ಅವರ ತಾಯಿಗೆ ವಯಸ್ಸಾಗಿದೆ. ತಪಸ್ಸುಕಾಲ ಬಂದರೆ ಚರ್ಚಿನಲ್ಲಿ ಮದುವೆಗಳಿಲ್ಲ, ಅದಕ್ಕೆ ಮೊದಲು ಮಗನಿಗೆ ಎಲ್ಲಾದರೂ ಗೊತ್ತು ಮಾಡಬೇಕು ಎನ್ನುತ್ತಿದ್ದಾರೆ. ಕಾಯಿರಿ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಕಾಯುವುದು ಎಂದರೆ ಏನೆಂದು ನಮ್ಮಿಬ್ಬರಿಗೂ ಗೊತ್ತಿದೆಯಲ್ಲ. ರಾಯಪ್ಪನವರು ಆಗಲಿ ಅಂದರು. ಛತ್ರಿ ಮರೆತು ಹೋದರು, ಮಾರನೆಯ ದಿನವೂ ಬಂದು ತೆಗೆದುಕೊಂಡು ಹೋಗಲಿಲ್ಲ. ಅದು ಇಲ್ಲೇ ಮೂಲೆಯಲ್ಲಿದೆ.

ಈ ಸಲ ಅಂಬಿನ ಹಬ್ಬಕ್ಕೆ ಖಂಡಿತ ಬರುತ್ತೇನೆ. ತಮಟೆ ಬಾರಿಸಲಿ. ನಿಮ್ಮ ಪಕ್ಕದಲ್ಲಿ ನಿಲ್ಲುತ್ತೇನೆ. ನೀವು ಒಬ್ಬರೇ ಅಲ್ಲ.

ನಿಮ್ಮ ಸೊಸೆ,
ಅಗ್ನೇಸ


ಓಲ್ಡ್ ಟೌನ್, ಭದ್ರಾವತಿ
11 ಜನವರಿ 1965

ಚಿ. ಸೌ. ಅಗ್ನೇಸಳಿಗೆ.

ಹಬ್ಬಕ್ಕೆ ನೀನು ಬರಬೇಡ. ಕೋಪದಿಂದ ಹೇಳುತ್ತಿಲ್ಲ. ಬರಬೇಡ.

ಆ ಛತ್ರಿಯನ್ನು ಯಾರಿಗೂ ಕೊಡಬೇಡ.

ಮದಲೇನಮ್ಮ


ಓಲ್ಡ್ ಟೌನ್, ಭದ್ರಾವತಿ
21 ಜನವರಿ 1965

ಮಗಳು ಅಗ್ನೇಸಳಿಗೆ,

ನಿನ್ನೆ ಹಬ್ಬ ಮುಗಿಯಿತು. ಬೆಳಗ್ಗೆಯ ಕಾಫಿ ಕುಡಿದು ಇದನ್ನು ಬರೆಯಲು ಕೂತಿದ್ದೇನೆ.

ಬರಬೇಡ ಎಂದು ಬರೆದಾಗ ನಾನು ಏನು ಮಾಡುತ್ತೇನೆಂದು ನನಗೇ ಗೊತ್ತಿರಲಿಲ್ಲ. ನೀನು ಪಕ್ಕದಲ್ಲಿದ್ದರೆ ನಿನ್ನ ಮುಖ ನೋಡಿ ಮಾಡಿದಂತಾಗುತ್ತಿತ್ತು. ಅದು ನನಗೆ ಬೇಡವಾಗಿತ್ತು. ಆಮೇಲೆ ಯಾವತ್ತಾದರೂ ನಿನ್ನ ಮೇಲೆ ಹೊರಿಸಿಬಿಡುತ್ತಿದ್ದೆ.

ಅಂಬಿನ ಬಟ್ಟೆಯನ್ನು ಈ ವರ್ಷ ನಾನು ಕೇಳಲಿಲ್ಲ. ಫಾದರೇ ಕಳಿಸಿದ್ದರು. ಹೊಲಿದು, ಇಸ್ತ್ರಿ ಮಾಡಿ, ಹಬ್ಬಕ್ಕೆ ಮುಂಚಿನ ಒಂಬತ್ತು ದಿನದ ನವೇನದ ಮೊದಲ ದಿನವೇ ಕೊಟ್ಟುಬಂದೆ.

ನಿನ್ನೆ ಬೆಳಗ್ಗೆ ಹುಲಿಯಪ್ಪ ಬಂದಿದ್ದ. ಹೊಸ್ತಿಲ ಹೊರಗೇ ನಿಂತು, "ಹೋದ್ ವರ್ಷ ನಿಲ್ಸಿದ್ದಕ್ಕೆ ಇನ್ನೂ ಎದೆ ಉರೀತದೆ ಅಮ್ಮ. ಈ ಸಲ ಯಾರ್ ಹೇಳಿದ್ರೂ ನಿಲ್ಸಲ್ಲ. ನಿಮ್ ಬಾಗ್ಲಲ್ಲಿ ಜಾಸ್ತೀನೇ ಬಾರಿಸ್ತೀನಿ" ಅಂದ. ಕಾಫಿ ಕೊಟ್ಟೆ. ಅವನು ಅಷ್ಟು ಸಂತೋಷದಿಂದ ಹೋದ.

ಸಂಜೆಯ ಪ್ರಾರ್ಥನೆಯಲ್ಲಿ ಮುಂದಿನ ಸಾಲಿನಲ್ಲಿ ಕೂತೆ. ಫಾದರ್ ಅದೇ ಕಥೆ ಓದಿದರು. ಮರ, ಬಾಣಗಳು, ಐರೀನಮ್ಮ. ಉಸಿರಿತ್ತು ಎನ್ನುವಲ್ಲಿ ಎಂದಿನಂತೆ ನನ್ನ ಮೈ ಬಿಸಿಯಾಯಿತು. ಪ್ರತಿ ವರ್ಷ ನಾನು ಅಷ್ಟಕ್ಕೇ ಜಪಸರ ತೆಗೆದು ಮಣಿ ಎಣಿಸಲು ಶುರುಮಾಡುತ್ತಿದ್ದೆ. ನಿನ್ನೆ ಜಪಸರ ಮನೆಯಲ್ಲೇ ಮರೆತಿದ್ದೆ. ಕೈಗೆ ಕೆಲಸವಿರಲಿಲ್ಲ. ಫಾದರ್ ಮುಂದಕ್ಕೆ ಓದಿದರು. ಗಾಯ ಮಾಗಿದ ಮೇಲೆ ಸೆಬಸ್ತಿಯಾನರು ಓಡಿಹೋಗಲಿಲ್ಲ, ಚಕ್ರವರ್ತಿಯ ಎದುರು ಹೋಗಿ ನಿಂತರು, ಈ ಸಲ ದೊಣ್ಣೆಯಿಂದ ಹೊಡೆದು ಕೊಂದರು. ಇನ್ನೊಬ್ಬ ತಾಯಿ ಆ ದೇಹವನ್ನು ಹುಡುಕಿ ಮಣ್ಣು ಮಾಡಿದಳು.

ಹುಟ್ಟಿದಾಗಿನಿಂದ ಈ ಹಬ್ಬ ಮಾಡುತ್ತಿದ್ದೇನೆ ಅಗ್ನೇಸ. ಕಥೆ ಅಲ್ಲಿಗೆ ಮುಗಿಯುತ್ತದೆ ಎಂದು ನನಗೆ ಗೊತ್ತಿಲ್ಲದೆ ಇಲ್ಲ. ಸಾಯದಿದ್ದರೆ ಅವರಿಗೆ ಹಬ್ಬವೇ ಯಾಕೆ? ಆದರೂ ಅದು ನನ್ನ ಕಿವಿಗೆ ಬಿದ್ದದ್ದು ನಿನ್ನೆ. ಐರೀನಮ್ಮನಿಗೂ ಅವರನ್ನು ಇಟ್ಟುಕೊಳ್ಳಲು ಆಗಲಿಲ್ಲ.

ಮೆರವಣಿಗೆಗೆ ಮೊದಲೇ ಮನೆಗೆ ಬಂದು ಬಾಗಿಲು ತೆರೆದೆ. ಡ್ರಾದಲ್ಲಿದ್ದ ಮೇಣದಬತ್ತಿ ತೆಗೆದು ಹಚ್ಚಿದೆ. ಸರ್ವರ್ ಬೀ ತನ್ನ ಬಾಗಿಲಲ್ಲಿ ನಿಂತಿದ್ದವಳು ಬತ್ತಿಯನ್ನೂ ನನ್ನನ್ನೂ ನೋಡಿದಳು. ಬಂದು ನನ್ನ ಹಿಂದೆ ನಿಂತಳು.

ಬೀದಿಯ ತಿರುವಿನಿಂದಲೇ ತಮಟೆ ಕೇಳುತ್ತಿತ್ತು. ಹುಲಿಯಪ್ಪ ಅಲ್ಲಿ ನಿಂತು ಹುಲ್ಲಿನ ಬೆಂಕಿಗೆ ಮತ್ತೆ ಕಾಯಿಸಿಕೊಂಡನಂತೆ, ನಮ್ಮ ಮನೆಯ ಮುಂದೆ ಸದ್ದು ಚೆನ್ನಾಗಿ ಬರಲಿ ಎಂದು. ಅಂಬು ಬಂತು. ನಿಂತಿತು. ಅವನು ನನ್ನ ಮುಖ ನೋಡಿ ಬಾರಿಸತೊಡಗಿದ. ಅಷ್ಟು ಜೋರಾಗಿ ಅವನು ಯಾವತ್ತೂ ಬಾರಿಸಿದವನಲ್ಲ. ಕಿಟಕಿಯ ಗಾಜು ಅದುರುತ್ತಿತ್ತು. ನಾನು ಕೈ ಎತ್ತಿದೆ. ಇನ್ನೂ ಜೋರು ಮಾಡು ಅಂದೆನೆಂದು ತಿಳಿದ. ಸಾಕು ಹುಲಿಯಪ್ಪ ಅಂದೆ. ಸದ್ದಿನಲ್ಲಿ ಕೇಳಿಸಲಿಲ್ಲ. ಅವನ ಕಣ್ಣು ಮುಚ್ಚಿತ್ತು.

ನಾನು ಮೆಟ್ಟಿಲಿಳಿದು ಹೋಗಿ ತಮಟೆಯ ಮೇಲೆ ಅಂಗೈ ಇಟ್ಟೆ.

ಚರ್ಮ ಬಿಸಿಯಾಗಿತ್ತು, ಜ್ವರ ಬಂದ ಮಗುವಿನ ಎದೆಯ ಹಾಗೆ. ಅವನು ಕೋಲು ತಡೆದ ಮೇಲೂ ಅದು ಸ್ವಲ್ಪ ಹೊತ್ತು ಅದುರುತ್ತಲೇ ಇತ್ತು. ನಾನು ಕೈ ತೆಗೆಯಲಿಲ್ಲ. ಆಮೇಲೆ ನನ್ನ ಕೈಯ ಕೆಳಗೇ ಅದು ನಿಂತಿತು. ಸೆಬಸ್ತಿಯ ಎದೆ ನಿಂತಾಗ ಅದರ ಮೇಲೆ ಯಾರ ಕೈ ಇತ್ತೋ, ಇರಲೇ ಇಲ್ಲವೋ.

ಹುಲಿಯಪ್ಪ ಕಣ್ಣು ಬಿಟ್ಟು, "ಅಮ್ಮಾ, ಬ್ಯಾಡ" ಅಂದ. ಅವನೊಬ್ಬನೇ ಹಾಗೆ ಹೇಳಿದ್ದು. ನಾನು ಅವನ ಬೆನ್ನು ಸವರಿದೆ. ಅಂಬಿಗೆ ಮುತ್ತಿಟ್ಟೆ. ಅಂಬು ಸದ್ದಿಲ್ಲದೆ ಮುಂದಿನ ಮನೆಗೆ ಹೋಯಿತು. ಅಲ್ಲಿ ತಮಟೆ ಶುರುವಾಗಲು ಬಹಳ ಹೊತ್ತು ಹಿಡಿಯಿತು.

ಫಾದರ್ ಹತ್ತಿರ ಮಾತಾಡಿದ್ದೇನೆ. ಮುಂದಿನ ವಾರದ ಶನಿವಾರ, ಮೂವತ್ತನೆಯ ತಾರೀಖು, ಬೆಳಗ್ಗೆ ಮರಣದ ಪೂಜೆ. ದೇಹವಿಲ್ಲದವರಿಗೆ ಖಾಲಿ ಪೆಟ್ಟಿಗೆ ಇಟ್ಟು ಕಪ್ಪು ಬಟ್ಟೆ ಹೊದಿಸುತ್ತಾರಂತೆ. ಚರ್ಚಿನಲ್ಲಿರುವ ಬಟ್ಟೆಯ ಅಂಚು ಬಿಚ್ಚಿಹೋಗಿದೆ. ತಂದು ಮಷೀನಿನ ಮೇಲೆ ಇಟ್ಟುಕೊಂಡಿದ್ದೇನೆ, ಈ ಕಾಗದ ಮುಗಿಸಿ ಹೊಲಿಯಬೇಕು. ಬಿಷಪ್ಪರಿಗೆ ಏನು ಹೇಳಬೇಕೋ ಅದನ್ನು ನಾನೇ ನಿಮ್ಮ ಫಾದರ್ ಎದುರು ಬಂದು ಹೇಳುತ್ತೇನೆ. ಸ್ವೆಟರ್ ಮಾತ್ರ ಅವನ ಮೈಮೇಲೆ ಇತ್ತು ಎಂದು ನಂಬಿಕೊಂಡಿದ್ದೇನೆ. ಅಷ್ಟನ್ನು ಯಾರು ಕೇಳಿದರೂ ಬಿಡುವುದಿಲ್ಲ.

ಇವತ್ತು ಸಂತ ಅಗ್ನೇಸಮ್ಮನ ದಿನ, ನಿನ್ನ ಹೆಸರಿನ ಹಬ್ಬ. ಸೆಬಸ್ತಿಯಾನರ ಮಾರನೆಯ ದಿನವೇ ಅವಳ ಹಬ್ಬ ಎಂದು ಹೇಳಿಯೇ ಅವನು ನಿನ್ನನ್ನು ಒಪ್ಪಿದ್ದು, ನೆನಪಿದೆಯೇ? ನಮ್ಮ ಮನೆಯಲ್ಲಿ ಎರಡು ದಿನ ಕಜ್ಜಾಯ ಮಾಡಬೇಕಾಗುತ್ತದೆ ಅಮ್ಮ ಎಂದು ತಮಾಷೆ ಮಾಡಿದ್ದ. ಇವತ್ತು ಮಾಡಿಲ್ಲ. ಮುಂದಿನ ವರ್ಷ ನೀನು ಯಾವ ಮನೆಯಲ್ಲಿದ್ದರೂ ಅಲ್ಲಿಗೆ ಕಳಿಸುತ್ತೇನೆ.

ಛತ್ರಿಯನ್ನು ಅವರ ಮನೆಗೆ ನೀನೇ ತೆಗೆದುಕೊಂಡು ಹೋಗಿ ಕೊಡು. ತಪಸ್ಸುಕಾಲಕ್ಕೆ ಇನ್ನೂ ದಿನ ಇದೆ.

ಶನಿವಾರ ಮೊದಲ ಬಸ್ಸಿಗೆ ಬಾ. ಬಿಳಿ ಸೀರೆ ಉಟ್ಟು ಬರಬೇಡ. ಅವನು ತಂದುಕೊಟ್ಟ ಹಸಿರು ಅಂಚಿನದನ್ನು ಉಟ್ಟುಕೋ. ನಾನು ಬಾಗಿಲಲ್ಲಿ ಇರುತ್ತೇನೆ.

ನಿನ್ನ ಅಮ್ಮ,
ಮದಲೇನಮ್ಮ